ಹೊಟ್ಟೆಯ ಉರಿ ತಗ್ಗಿಸುವ 22 ಅಕ್ಷರ: ಕಾಗದದಲ್ಲಿ ಮಾಡಿ ನೋಡಿ

ಒಂದು ಬಿಳಿ ಹಾಳೆ, ಕತ್ತರಿ, ಎರಡು ಬಣ್ಣದ ಪೆನ್ನು ತೆಗೆದುಕೊಳ್ಳಿ. ಮನೆಯಲ್ಲಿ ಪಿಯುಸಿ ಓದುವ ಮಕ್ಕಳಿದ್ದರೆ ಅವರನ್ನೂ ಕರೆಯಿರಿ. ನಮ್ಮಲ್ಲಿ ಹೊಟ್ಟೆಯ ಯಾವ ತೊಂದರೆಗೂ ‘ಗ್ಯಾಸ್ಟ್ರಿಕ್’ ಅಂತ ಒಂದೇ ಹೆಸರು ಅಲ್ವಾ? ಅದರಲ್ಲಿ ಒಂದು ಬಗೆಗೆ ಬ್ಯಾಕ್ಟೀರಿಯಾ ಕಾರಣ. ಆಗ ಹೊಟ್ಟೆಯ ಜೀವಕೋಶದೊಳಗೆ ಏನಾಗುತ್ತದೆ ಎಂಬುದನ್ನು ಈ ಹಾಳೆಯ ಮೇಲೆ ಮಾಡಿ ನೋಡೋಣ.

ಮೊದಲು ಹಾಳೆಯ ಮೇಲ್ಭಾಗದಲ್ಲಿ ಒಂದು ಸಾಲು ಇಟ್ಟಿಗೆ ಬರೆಯಿರಿ. ಅದು ಜಠರದ ಒಳಗೋಡೆ. ಒಂದೊಂದು ಇಟ್ಟಿಗೆ ಒಂದೊಂದು ಜೀವಕೋಶ. ಅದರ ಮೇಲೆ ಲೋಳೆಯ ಪದರ. ಲೋಳೆಯಲ್ಲಿ ಸುರುಳಿಯಾದ ಒಂದು ಹುಳದಂಥ ಗೆರೆ ಎಳೆಯಿರಿ. ಅದೇ ಹೆಲಿಕೋಬ್ಯಾಕ್ಟರ್ ಪೈಲೋರಿ. ಜಠರದ ಆಮ್ಲದಲ್ಲಿ ಯಾವ ಬ್ಯಾಕ್ಟೀರಿಯಾವೂ ನೆಲೆಸಲಾರದು ಎಂದು ವೈದ್ಯರು ನಂಬಿದ್ದ ಕಾಲವೊಂದಿತ್ತು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ 1982ರಲ್ಲಿ ಇದನ್ನು ಬೆಳೆಸಿ ತೋರಿಸಿದರು. ಯಾರೂ ಸುಲಭಕ್ಕೆ ಒಪ್ಪಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು, ತಮ್ಮ ಹೊಟ್ಟೆಯಲ್ಲೇ ಉರಿಯೂತ ಬರುವುದನ್ನು ತೋರಿಸಿದರು. ಆ ಧೈರ್ಯ ನೆನೆದರೆ ನನಗೆ ಈಗಲೂ ಮೈ ಜುಂ ಎನ್ನುತ್ತದೆ. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಈಗ ಬ್ಯಾಕ್ಟೀರಿಯಾದಿಂದ ಇಟ್ಟಿಗೆಗೆ ಒಂದು ಸೂಜಿ ಬರೆಯಿರಿ. ನಿಜಕ್ಕೂ ಅಂಥದ್ದೊಂದು ಸೂಜಿ ಈ ಬ್ಯಾಕ್ಟೀರಿಯಾದ ಎಷ್ಟೋ ತಳಿಗಳಲ್ಲಿದೆ. ಅದರ ಮೂಲಕ ಕ್ಯಾಗ್-ಎ ಎಂಬ ಪ್ರೋಟೀನನ್ನು ಅವು ಜೀವಕೋಶದೊಳಗೆ ಚುಚ್ಚುತ್ತವೆ. ಜೀವಕೋಶ ಎಚ್ಚರವಾಗುತ್ತದೆ. ಎನ್‌ಎಫ್ ಕಪ್ಪಾ-ಬಿ ಎಂಬ ಸ್ವಿಚ್ ಆನ್ ಆಗುತ್ತದೆ. ರಕ್ತದ ಬಿಳಿಕಣಗಳನ್ನು ಕೂಗಿ ಕರೆಯುವ ಇಂಟರ್‌ಲ್ಯೂಕಿನ್-8 ಹೊರಬೀಳುತ್ತದೆ. ಬಿಳಿಕಣಗಳು ಮುತ್ತುತ್ತವೆ, ಗೋಡೆ ಕೆಂಪಾಗಿ ಊದಿಕೊಳ್ಳುತ್ತದೆ. ವೈದ್ಯರು ಗ್ಯಾಸ್ಟ್ರೈಟಿಸ್ ಎನ್ನುವುದು ಇದನ್ನೇ.

ಇನ್ನು ಕತ್ತರಿ ಹಿಡಿಯಿರಿ. ಉದ್ದನೆಯ ಒಂದು ಪಟ್ಟಿ ಕತ್ತರಿಸಿ ಅದರಲ್ಲಿ 22 ಮನೆ ಮಾಡಿ. ಇದು ಮೈಕ್ರೋಆರ್‌ಎನ್‌ಎ-146ಎ, ಅಂದರೆ ಜೀವಕೋಶವೇ ಮಾಡಿಕೊಳ್ಳುವ ಒಂದು ಪುಟ್ಟ ಆರ್‌ಎನ್‌ಎ ತುಂಡು. ಒಂದೊಂದು ಮನೆಗೆ ಒಂದೊಂದು ಅಕ್ಷರ; ಆರ್‌ಎನ್‌ಎಯ ಅಕ್ಷರಗಳು ಎ, ಯು, ಜಿ, ಸಿ ಎಂಬ ನಾಲ್ಕೇ. ಮೊದಲ 8 ಮನೆಗಳಲ್ಲಿ ಎಡದಿಂದ ಬಲಕ್ಕೆ ಯು, ಜಿ, ಎ, ಜಿ, ಎ, ಎ, ಸಿ, ಯು ಎಂದು ಬರೆಯಿರಿ. ಉಳಿದವು ಖಾಲಿ ಇರಲಿ. 2ರಿಂದ 8ರವರೆಗಿನ ಮನೆಗಳಿಗೆ ಬಣ್ಣ ಹಚ್ಚಿ. ಇದನ್ನು ಬೀಜ ಎನ್ನುತ್ತಾರೆ. ಇಡೀ ಕೆಲಸದ ಕೀಲಿ ಇರುವುದು ಇಲ್ಲೇ.

ಎರಡನೇ ಪಟ್ಟಿ ಎಂಆರ್‌ಎನ್‌ಎ. ಕೋವಿಡ್ ಲಸಿಕೆಯ ಹೊತ್ತಿನಲ್ಲಿ ಕೇಳಿದ ಹೆಸರೇ ಇದು. ಪ್ರೋಟೀನ್ ಮಾಡಲು ಜೀವಕೋಶ ಬರೆದುಕೊಳ್ಳುವ ಚೀಟಿ. ಎ ಎದುರಿಗೆ ಯು, ಜಿ ಎದುರಿಗೆ ಸಿ ಬರಬೇಕು, ಇಷ್ಟೇ ನಿಯಮ. ಬಣ್ಣ ಹಚ್ಚಿದ 7 ಅಕ್ಷರಗಳ ಕೆಳಗೆ ಜೋಡಿ ಅಕ್ಷರ ಬರೆಯುತ್ತಾ ಹೋಗಿ. ಸಿ, ಯು, ಸಿ, ಯು, ಯು, ಜಿ, ಎ ಬಂತೇ? ಸರಿಯಾಗಿದೆ. ಎರಡು ಪಟ್ಟಿಗಳು ಎದುರು-ಬದುರು ದಿಕ್ಕಿನಲ್ಲಿ ಕೂರುವುದರಿಂದ ಪುಸ್ತಕದಲ್ಲಿ ಇದೇ ಸಾಲು ತಿರುಗಿ ಎ, ಜಿ, ಯು, ಯು, ಸಿ, ಯು, ಸಿ ಎಂದು ಕಾಣುತ್ತದೆ. ಗಾಬರಿಯಾಗಬೇಡಿ.

ಈ ಏಳು ಅಕ್ಷರಗಳು ಐರಾಕ್-1 ಮತ್ತು ಟ್ರಾಫ್-6 ಎಂಬ ಎರಡು ಪ್ರೋಟೀನ್‌ಗಳ ಚೀಟಿಯ ಬಾಲದಲ್ಲಿವೆ. ಬ್ಯಾಕ್ಟೀರಿಯಾ ಬಂದಿದೆ ಎಂಬ ಸುದ್ದಿಯನ್ನು ಎನ್‌ಎಫ್ ಕಪ್ಪಾ-ಬಿ ಸ್ವಿಚ್‌ಗೆ ಮುಟ್ಟಿಸುವುದು ಇವೇ. ಮೊದಲ ಪಟ್ಟಿಯನ್ನು ಚೀಟಿಯ ಮೇಲೆ ಅಂಟಿಸಿ. ಚೀಟಿ ಓದಲು ಬರುವುದಿಲ್ಲ, ಆಮೇಲೆ ಹರಿದೂ ಹೋಗುತ್ತದೆ. ಪ್ರೋಟೀನ್ ಕಡಿಮೆಯಾಗುತ್ತದೆ. ಉರಿ ತಗ್ಗುತ್ತದೆ.

ನನಗೆ ತುಂಬಾ ಇಷ್ಟವಾಗುವ ಸಂಗತಿ ಇನ್ನೊಂದಿದೆ. 146ಎ ಮಾಡು ಎಂದು ಆಜ್ಞೆ ಕೊಡುವುದು ಯಾರು? ಅದೇ ಎನ್‌ಎಫ್ ಕಪ್ಪಾ-ಬಿ! ಒಲೆ ಹೊತ್ತಿಸಿದ ಕೈಯೇ ಹಾಲು ಉಕ್ಕುವ ಮೊದಲು ಉರಿ ಸಣ್ಣ ಮಾಡುತ್ತದೆ. ಹಾಳೆಯಲ್ಲಿ ಸ್ವಿಚ್‌ನಿಂದ ಪಟ್ಟಿಗೆ, ಪಟ್ಟಿಯಿಂದ ಮತ್ತೆ ಸ್ವಿಚ್‌ಗೆ ಬಾಣ ಎಳೆಯಿರಿ. ಸುತ್ತು ಮುಚ್ಚಿಕೊಳ್ಳುತ್ತದೆ. ಇಂಥ ಪುಟ್ಟ ಪಟ್ಟಿಗಳನ್ನು ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್‌ಕುನ್ 1993ರಲ್ಲಿ ಒಂದು ಮಿಲಿಮೀಟರ್ ಉದ್ದದ ಹುಳದಲ್ಲಿ ಕಂಡುಕೊಂಡರು. ಅವರಿಗೆ ನೊಬೆಲ್ ಸಿಕ್ಕಿದ್ದು 2024ರಲ್ಲಿ.

ಆದರೆ ಉರಿ ತಗ್ಗಿತೆಂದು ಬ್ಯಾಕ್ಟೀರಿಯಾ ಹೋಗುವುದಿಲ್ಲ. ಚಿಕ್ಕಂದಿನಲ್ಲಿ ಸೇರಿಕೊಂಡದ್ದು, ಚಿಕಿತ್ಸೆ ಕೊಡದಿದ್ದರೆ ಸಾಮಾನ್ಯವಾಗಿ ಜೀವನಪೂರ್ತಿ ಇರುತ್ತದೆ. ಜಾಸ್ತಿ ಜನರಿಗೆ ಏನೂ ಗೊತ್ತಾಗುವುದೇ ಇಲ್ಲ. ಒಳಗೆ ಮಾತ್ರ ಸಣ್ಣ ಉರಿ ವರ್ಷಗಟ್ಟಲೆ ಉರಿಯುತ್ತಿರುತ್ತದೆ. ಬೇರೆ ಪಟ್ಟಿಗಳೂ ಏರುಪೇರಾಗುತ್ತವೆ. ಜೀವಕೋಶ ಅತಿಯಾಗಿ ಬೆಳೆಯದಂತೆ ತಡೆಯುವ ಲೆಟ್-7 ಎಂಬ ಗುಂಪನ್ನು ಕ್ಯಾಗ್-ಎ ಕಡಿಮೆ ಮಾಡುತ್ತದೆ. ಕೆಲವರಲ್ಲಿ ಹುಣ್ಣು, ಸ್ವಲ್ಪ ಜನರಲ್ಲಿ ಕೊನೆಗೆ ಕ್ಯಾನ್ಸರ್. ಕ್ಯಾನ್ಸರ್ ತರುವ ಕಾರಣಗಳ ಮೊದಲ ಗುಂಪಿಗೆ ಈ ಬ್ಯಾಕ್ಟೀರಿಯಾವನ್ನು 1994ರಲ್ಲೇ ಸೇರಿಸಿದ್ದಾರೆ.

ಹಾಗಾದರೆ ಮೈಕ್ರೋಆರ್‌ಎನ್‌ಎ ಟೆಸ್ಟ್ ಮಾಡಿಸಬೇಕೇ? ಸಿಂಗಪುರದಲ್ಲಿ 12 ಮೈಕ್ರೋಆರ್‌ಎನ್‌ಎ ಅಳೆಯುವ ರಕ್ತಪರೀಕ್ಷೆಗೆ 2019ರಲ್ಲಿ ಒಪ್ಪಿಗೆ ಸಿಕ್ಕಿದೆ. ಅದು ಜಠರದ ಕ್ಯಾನ್ಸರ್ ಹುಡುಕಲು. ಸೋಂಕು ಇದೆಯೇ ಎಂದು ತಿಳಿಯಲು ಉಸಿರಿನ ಪರೀಕ್ಷೆ, ಮಲದ ಪರೀಕ್ಷೆ ಅಥವಾ ಎಂಡೋಸ್ಕೋಪಿ ಸಾಕು. ಆಸಿಡ್ ತಗ್ಗಿಸುವ ಪ್ಯಾಂಟೊಪ್ರಜೋಲ್‌ನಂಥ ಮಾತ್ರೆ ನುಂಗುತ್ತಿದ್ದರೆ ವೈದ್ಯರಿಗೆ ಮೊದಲೇ ಹೇಳಿ. ಅದನ್ನು ಎರಡು ವಾರ, ಆ್ಯಂಟಿಬಯೋಟಿಕನ್ನು ನಾಲ್ಕು ವಾರ ಬಿಟ್ಟಿರದಿದ್ದರೆ ಸೋಂಕಿದ್ದರೂ ಇಲ್ಲವೆಂದು ಬರಬಹುದು. ಚಿಕಿತ್ಸೆ ಸಾಮಾನ್ಯವಾಗಿ 14 ದಿನ. ನಾಲ್ಕನೇ ದಿನಕ್ಕೆ ಹೊಟ್ಟೆ ಹಗುರಾಯಿತು ಅಂತ ಮಾತ್ರೆ ನಿಲ್ಲಿಸಬೇಡಿ, ದಯವಿಟ್ಟು. ಅರ್ಧಕ್ಕೆ ಬಿಟ್ಟರೆ ಬ್ಯಾಕ್ಟೀರಿಯಾ ಉಳಿದು, ಮುಂದೆ ಅದೇ ಮದ್ದಿಗೆ ಬಗ್ಗದೆ ಹೋಗಬಹುದು. ಮಾತ್ರೆ ಮುಗಿದು ಕನಿಷ್ಠ ನಾಲ್ಕು ವಾರ ಆದ ಮೇಲೆ ಇನ್ನೊಮ್ಮೆ ಉಸಿರಿನ ಪರೀಕ್ಷೆ ಮಾಡಿಸಿ. ಆ ವರದಿ ನೆಗೆಟಿವ್ ಬಂದ ದಿನ, ಹಾಳೆಯ ಮೇಲಿನ ಆ ಸುರುಳಿ ಗೆರೆಯನ್ನು ಅಳಿಸಬಹುದು.