ಓರ್ಕ್‌ಗಳಿಗಿಂತ ನಮ್ಮ ಅಟ್ಟದ ಇಲಿಗಳೇ ಜಾಣ

ಕಂಪ್ಯೂಟರ್ ಆಟವೊಂದರಲ್ಲಿ ಮೊದಲ ಸಲ ಸ್ಪ್ರಿಂಗ್ ಟ್ರ್ಯಾಪ್ ಹಾಕಿದಾಗ ಉಲ್ಟಾ ಹಾಕಿದ್ದೆ. ನೆಲದಲ್ಲಿ ಹುದುಗಿಸುವ ಹಲಗೆ ಅದು, ಮೇಲೆ ಕಾಲಿಟ್ಟವರನ್ನು ಚಿಮ್ಮಿ ಎಸೆಯುತ್ತದೆ. ಓರ್ಕ್‌ಗಳು, ಅಂದರೆ ಆಟದ ರಾಕ್ಷಸರು, ಪಕ್ಕದ ಪ್ರಪಾತಕ್ಕೆ ಬೀಳಲಿ ಅನ್ನುವುದು ನನ್ನ ಲೆಕ್ಕ. ಹಲಗೆಯ ಮುಖ ಯಾವ ಕಡೆ ತಿರುಗಿದೆ ಅಂತ ನೋಡಲೇ ಇಲ್ಲ. ಬಾಗಿಲು ತೆರೆಯಿತು. ಆರೇಳು ಓರ್ಕ್‌ಗಳು ಅರಚುತ್ತಾ ಓಡಿ ಬಂದವು. ಹಲಗೆ ಟಪ್ ಅಂದಿತು. ಅಷ್ಟೂ ಓರ್ಕ್‌ಗಳು ನನ್ನ ತಲೆಯ ಮೇಲಿಂದ ಹಾರಿ, ನಾನು ಯಾವುದನ್ನು ಕಾಯಬೇಕಿತ್ತೋ ಅದರ ಬುಡದಲ್ಲೇ ಬಿದ್ದವು. ಎದ್ದು ಮೈ ಕೊಡವಿಕೊಂಡು ಒಳಗೆ ಹೋದವು. ಅವು ನಡೆಯಬೇಕಿದ್ದ ಅರ್ಧ ದಾರಿಯನ್ನು ನಾನೇ ಉಳಿಸಿಕೊಟ್ಟಿದ್ದೆ.

ಜೋರಾಗಿ ನಗು ಬಂತು. ಸೋತರೂ ನಗು ಬರುವ ಆಟವನ್ನು ಅಷ್ಟು ಸುಲಭಕ್ಕೆ ಬಿಡೋಕಾಗಲ್ಲ, ಅಲ್ವಾ?

ಆಟದ ಹೆಸರು ಓರ್ಕ್ಸ್ ಮಸ್ಟ್ ಡೈ. ಬಂದಿದ್ದು 2011ರ ಅಕ್ಟೋಬರ್‌ನಲ್ಲಿ. ಮಾಡಿದ್ದು ಅಮೆರಿಕದ ಟೆಕ್ಸಾಸ್‌ನ ರೋಬೋಟ್ ಎಂಟರ್‌ಟೇನ್‌ಮೆಂಟ್. ಏಜ್ ಆಫ್ ಎಂಪೈರ್ಸ್ ಆಟ ಮಾಡಿದ್ದ ಎನ್ಸೆಂಬಲ್ ಸ್ಟುಡಿಯೋಸ್ 2009ರಲ್ಲಿ ಮುಚ್ಚಿದ ಮೇಲೆ ಅಲ್ಲಿದ್ದವರೇ ಸೇರಿ ಕಟ್ಟಿದ ಕಂಪನಿ. ನಾನು ಕೊಂಡಿದ್ದು ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನ ಡಿಸೆಂಬರ್ ಸೇಲ್‌ನಲ್ಲಿ, ಹೆಸರು ನೋಡಿ, ಸುಮ್ನೆ. ಆಫೀಸಿನಿಂದ ಬಂದು ಅರ್ಧ ಗಂಟೆ ಆಡಿ ಮಲಗೋಣ ಅಂದುಕೊಂಡಿದ್ದೆ. ಆ ಅರ್ಧ ಗಂಟೆ ಯಾವತ್ತೂ ಅರ್ಧ ಗಂಟೆಗೆ ಮುಗಿಯಲಿಲ್ಲ.

ಕತೆ ಇಷ್ಟೇ. ಕೋಟೆಯೊಳಗೆ ರಿಫ್ಟ್ ಅನ್ನುವ ಮಾಯಾದ್ವಾರ ಇದೆ. ಓರ್ಕ್‌ಗಳು ಅಲೆಅಲೆಯಾಗಿ ಬಂದು ಅದರೊಳಗೆ ನುಗ್ಗಲು ನೋಡುತ್ತವೆ. ಇಂತಿಷ್ಟಕ್ಕಿಂತ ಜಾಸ್ತಿ ನುಸುಳಿದರೆ ನಾವು ಸೋತ ಹಾಗೆ. ಕಾಯಬೇಕಾದ ಗುರು ಆಟದ ಶುರುವಿನಲ್ಲೇ ಜಾರಿ ಬಿದ್ದು ತಲೆ ಒಡೆದುಕೊಂಡು ಸಾಯುತ್ತಾನೆ. ಉಳಿಯುವವನು ಅವನ ದಡ್ಡ ಶಿಷ್ಯ, ಅಂದರೆ ನಾವು. ಗುರುವಿಗೇ ಇವನ ಮೇಲೆ ನಂಬಿಕೆ ಇರಲಿಲ್ಲ. ಕೈಯಲ್ಲಿ ಒಂದು ಬಿಲ್ಲು, ಒಂದು ಕತ್ತಿಕೋಲು, ಮತ್ತೆ ಬೋನುಗಳ ಪಟ್ಟಿ. ಒಟ್ಟು 24 ಕೋಟೆಗಳು. ಇದಕ್ಕಿಂತ ಹೆಚ್ಚಿನ ಕತೆ ಬೇಕು ಅನ್ನುವವರು ಬೇರೆ ಆಟ ನೋಡಿಕೊಳ್ಳಬೇಕು.

ಟವರ್ ಡಿಫೆನ್ಸ್ ಆಟಗಳನ್ನು ಮೊದಲೂ ಆಡಿದ್ದೆ. ಅವುಗಳಲ್ಲಿ ಮೇಲಿಂದ ಬಗ್ಗಿ ನೋಡುತ್ತಾ ಗೋಪುರ ನೆಡುತ್ತೇವೆ, ಆಮೇಲೆ ಕೈಕಟ್ಟಿ ಕೂರುತ್ತೇವೆ. ಇಲ್ಲಿ ಹಾಗಲ್ಲ. ನಾವೂ ಅದೇ ಓಣಿಯಲ್ಲಿ ನಿಂತಿರುತ್ತೇವೆ. ಬೋನು ಹೂಡುವುದೂ ನಾವೇ, ಬೋನು ತಪ್ಪಿಸಿಕೊಂಡವರ ಹಿಂದೆ ಓಡುವುದೂ ನಾವೇ. ಈ ಆಟದ ದೊಡ್ಡ ಬಲ ಇದೇ. ಪ್ಲಾನ್ ಅರ್ಧಂಬರ್ಧ ಇದ್ದರೂ ಪರವಾಗಿಲ್ಲ, ಉಳಿದ ಅರ್ಧವನ್ನು ಕೈಚಳಕದಿಂದ ತುಂಬಿಸಬಹುದು. ಗುರಿಯಿಟ್ಟು ಹೊಡೆಯುವ ಕೈ ಚೆನ್ನಾಗಿದ್ದರೆ ಲೆಕ್ಕಾಚಾರದ ತಪ್ಪು ಮಾಫಿ. ನನ್ನ ಹಾಗೆ ಕೈ ನಿಧಾನ ಇದ್ದವರು ಲೆಕ್ಕಾಚಾರ ಬಿಗಿ ಮಾಡಿದರಾಯಿತು.

ನಾನು ಕಲಿತ ರೀತಿ ಹೇಳುತ್ತೇನೆ. ಮೊದಲ ಕೋಟೆಯ ಹೆಸರೇ ಹಾಲ್‌ವೇ, ಒಂದು ಉದ್ದ ಓಣಿ. ನೆಲದಲ್ಲಿ ಮುಳ್ಳು ಚುಚ್ಚುವ ಸ್ಪೈಕ್ ಟ್ರ್ಯಾಪ್‌ಗಳನ್ನು ಸಾಲಾಗಿ ಹಾಕಿದೆ. ಮುಳ್ಳು ಒಮ್ಮೆ ಎದ್ದರೆ ಮತ್ತೆ ಏಳಲು ಸ್ವಲ್ಪ ಹೊತ್ತು ಬೇಕು. ಮುಂದಿನ ಓರ್ಕ್ ಸಾಯುವಷ್ಟರಲ್ಲಿ ಹಿಂದಿನವು ದಾಟಿ ಹೋಗುತ್ತಿದ್ದವು. ಆಮೇಲೆ ಗೊತ್ತಾಯಿತು, ಬೋನಿನ ಏಟಿಗಿಂತ ಮುಖ್ಯ ಅದರ ಮುಂದೆ ಶತ್ರು ಎಷ್ಟು ಹೊತ್ತು ನಿಲ್ಲುತ್ತಾನೆ ಅನ್ನುವುದು. ಅಲ್ಲಿಂದ ಟಾರ್‌ಗೆ ಬಂದೆ. ರಸ್ತೆಗೆ ಹಾಕುವ ಡಾಂಬರಿನಂಥದ್ದೇ. ಓರ್ಕ್ ಕಾಲಿಟ್ಟರೆ ಕೆಸರುಗದ್ದೆಗೆ ಇಳಿದ ಹಾಗೆ ಕಾಲೆಳೆದುಕೊಂಡು ನಡೆಯುತ್ತದೆ. ಟಾರ್ ಯಾರನ್ನೂ ಕೊಲ್ಲುವುದಿಲ್ಲ. ಆದರೆ ಅದರ ಎರಡೂ ಪಕ್ಕದ ಗೋಡೆಗೆ ಬಾಣ ಹಾರಿಸುವ ಆರೋ ವಾಲ್ ಹಾಕಿ ನೋಡಿ. ಓಡುವವನಿಗೆ ಒಂದೇ ಸಲ ಬಾಣ ತಾಗುತ್ತಿತ್ತು, ತೆವಳುವವನಿಗೆ ಮೂರು ಸಲ ತಾಗುತ್ತದೆ. ಅದರ ಮೇಲಿನ ಚಾವಣಿಗೆ ತೂಗಾಡುವ ಕಬ್ಬಿಣದ ಗುಂಡು ನೇತುಹಾಕಿದರೆ ಮುಗೀತು.

ಇದಕ್ಕೆ ಆಟ ಕೊಡುವ ಬಹುಮಾನವೂ ಜಾಣತನದ್ದು. ಒಂದೇ ಓರ್ಕ್‌ಗೆ ಬೇರೆ ಬೇರೆ ಬಗೆಯ ಏಟು ಬಿದ್ದಷ್ಟೂ ನಮಗೆ ಸಿಗುವ ಕಾಸು ಜಾಸ್ತಿ. ಬಾಣ, ಗುಂಡು, ಕೊನೆಗೆ ತಲೆಗೆ ನನ್ನದೊಂದು ಹೊಡೆತ. ಪಿಗ್ಗಿ ಬ್ಯಾಂಕ್ ಒಡೆದ ಹಾಗೆ ನಾಣ್ಯಗಳ ಸದ್ದು. ಆ ಕಾಸಿನಿಂದ ಮುಂದಿನ ಅಲೆ ಬರುವಷ್ಟರಲ್ಲಿ ಇನ್ನೊಂದು ಗುಂಡು. ಗೆಲ್ಲುವುದಕ್ಕಿಂತ ಚೆಂದವಾಗಿ ಗೆಲ್ಲುವ ಚಟ ಹತ್ತುವುದು ಇಲ್ಲೇ.

ನಿಜ ಹೇಳಬೇಕೆಂದರೆ ತಾಪತ್ರಯ ಶುರುವಾಗಿದ್ದೂ ಇಲ್ಲೇ.

ನಮ್ಮ ಅಜ್ಜನ ಮನೆ ತೀರ್ಥಹಳ್ಳಿ ಕಡೆ. ಅಟ್ಟದಲ್ಲಿ ಯಾವಾಗಲೂ ಇಲಿ ಕಾಟ. ಅಜ್ಜ ಮರದ ಬೋನಿಗೆ ಸುಟ್ಟ ಕೊಬ್ಬರಿ ಚೂರು ಸಿಕ್ಕಿಸಿ ಇಡುತ್ತಿದ್ದರು. ಮೊದಲ ರಾತ್ರಿ ಒಂದು ಬೀಳುತ್ತಿತ್ತು. ಎರಡನೇ ರಾತ್ರಿ ಅದೃಷ್ಟ ಇದ್ದರೆ ಇನ್ನೊಂದು. ಮೂರನೇ ರಾತ್ರಿ ಕೊಬ್ಬರಿ ಹಾಗೇ ಇರುತ್ತಿತ್ತು, ಪಕ್ಕದ ಅಕ್ಕಿ ಮೂಟೆಗೆ ತೂತು ಬಿದ್ದಿರುತ್ತಿತ್ತು. ಆಗ ಅಜ್ಜ ಬೋನನ್ನು ಬಿಸಿನೀರಲ್ಲಿ ತೊಳೆದು, ಬೂದಿ ಹಾಕಿ ತಿಕ್ಕಿ, ಬಿಸಿಲಿಗಿಟ್ಟು, ಜಾಗ ಬದಲಿಸಿ, ಕೊಬ್ಬರಿ ಬದಲು ಒಣಮೀನು ತರಿಸುತ್ತಿದ್ದರು. ಇಲಿ ಒಂದು ಹೆಜ್ಜೆ, ಅಜ್ಜ ಒಂದು ಹೆಜ್ಜೆ. ವರ್ಷಗಟ್ಟಲೆ ನಡೆದ ಆಟ ಅದು.

ಓರ್ಕ್ ಕಲಿಯುವುದಿಲ್ಲ. ಮುಂದಿನವನು ಟಾರ್‌ನಲ್ಲಿ ಹೂತು ಬಾಣ ತಿಂದು ಸತ್ತಿದ್ದನ್ನು ನೋಡಿಯೂ ಹಿಂದಿನವನು ಅದೇ ಟಾರ್‌ಗೆ ಕಾಲಿಡುತ್ತಾನೆ. ಮೂರನೇ ಅಲೆಯಲ್ಲೂ ಅಷ್ಟೇ, ಕೊನೆಯ ಅಲೆಯಲ್ಲೂ ಅಷ್ಟೇ. ಹಾಗಾಗಿ ಒಮ್ಮೆ ಸರಿಯಾದ ಜೋಡಣೆ ಸಿಕ್ಕರೆ ಬೇರೆ ಬೋನುಗಳತ್ತ ತಿರುಗಿ ನೋಡಲು ಕಾರಣವೇ ಇರುವುದಿಲ್ಲ. ಜೊತೆಗೆ ಬ್ಯಾರಿಕೇಡ್ ಬೇರೆ. ಒಂದು ದಾರಿಗೆ ಬ್ಯಾರಿಕೇಡ್ ಅಡ್ಡ ಇಟ್ಟರೆ ಓರ್ಕ್‌ಗಳು ಪಾಪ ಸುತ್ತು ಹಾಕಿಕೊಂಡು ಇನ್ನೊಂದು ದಾರಿಗೆ ಬರುತ್ತವೆ. ಎರಡು ಓಣಿಯ ಕೋಟೆ ಒಂದೇ ಓಣಿಯದಾಗುತ್ತದೆ. ಆ ಒಂದು ಓಣಿಗೆ ಟಾರ್, ಬಾಣ, ಗುಂಡು. ಸುಮಾರು ಹತ್ತು ಕೋಟೆಗಳನ್ನು ನಾನು ಹೀಗೇ ದಾಟಿದೆ. ಕೊನೆಕೊನೆಗೆ ಬಿಲ್ಲೆತ್ತದೆ ಪಕ್ಕದಲ್ಲಿ ಕಾಫಿ ಇಟ್ಟುಕೊಂಡು ನೋಡುತ್ತಿದ್ದೆ. ಕೈಕಟ್ಟಿ ಕೂರುವ ಆಟ ಬೇಡ ಅಂತ ತಾನೇ ಇದಕ್ಕೆ ಬಂದಿದ್ದು?

ಆಟ ಮಾಡಿದವರಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಬ್ಯಾರಿಕೇಡ್ ಒಡೆಯಲು ಸಿಡಿಮದ್ದು ಹೊತ್ತ ಪುಟ್ಟ ಕೋಬೋಲ್ಡ್‌ಗಳನ್ನು ಕಳಿಸುತ್ತಾರೆ. ನೆಲದ ಬೋನಿಗೆ ಸಿಗದ ಹಾರುವ ಹೆಲ್‌ಬ್ಯಾಟ್‌ಗಳನ್ನು ಬಿಡುತ್ತಾರೆ. ಸ್ಪ್ರಿಂಗ್‌ಗೆ ಜಗ್ಗದ ದೈತ್ಯ ಓಗರ್‌ಗಳಿವೆ. ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ನೋಲ್ ಬೇಟೆಗಾರ. ಇದಕ್ಕೆ ರಿಫ್ಟ್ ಬೇಡ, ನಾವೇ ಬೇಕು. ಎಲ್ಲವನ್ನೂ ಬಿಟ್ಟು ನಮ್ಮನ್ನು ಅಟ್ಟಿಸಿಕೊಂಡು ಬರುತ್ತದೆ. ಕಾಫಿ ಲೋಟ ಕೆಳಗಿಡಿಸಿದ್ದು ಇದೊಂದೇ. ಕೊನೆಗೆ ಇದಕ್ಕೂ ಉಪಾಯ ಸಿಕ್ಕಿತು: ನನ್ನದೇ ಬೋನಿನ ಸಾಲಿನ ಹಿಂದೆ ನಿಂತು ನಾನೇ ಕೊಬ್ಬರಿ ಚೂರಾಗುವುದು.

ಬೈದುಕೊಂಡ ಸಂಗತಿಗಳೂ ಇವೆ. ಕೋಟೆ ಗೆದ್ದಾಗ ಐದರವರೆಗೆ ತಲೆಬುರುಡೆ ಕೊಡುತ್ತಾರೆ, ಅವನ್ನು ಖರ್ಚು ಮಾಡಿ ಬೋನುಗಳನ್ನು ಬಲಪಡಿಸಬೇಕು. ನಾನು ಶುರುವಿನಲ್ಲೇ ಸ್ಪೈಕ್ ಟ್ರ್ಯಾಪ್‌ಗೆ ಸುರಿದೆ, ಆಮೇಲೆ ಅದನ್ನು ಮುಟ್ಟಲಿಲ್ಲ. ಮೊದಲ ಆಟದಲ್ಲಿ ಆ ಬುರುಡೆ ವಾಪಸ್ ಬರುವುದಿಲ್ಲ. ಎರಡನೆಯದರಲ್ಲಿ ವಾಪಸ್ ಪಡೆಯಬಹುದು, ಆದರೆ ಅಷ್ಟರಲ್ಲಿ ನನ್ನ ಕೋಪ ಆರಿರಲಿಲ್ಲ. ಇನ್ನೊಂದು, ಕೊನೆಯ ಅಲೆಯಲ್ಲಿ ಸೋತರೆ ಮೊದಲ ಅಲೆಯಿಂದ ಮತ್ತೆ ಶುರು. ರಾತ್ರಿ ಹನ್ನೊಂದೂವರೆಗೆ ಹೀಗಾದರೆ ಮಲಗುವುದೋ, ಇನ್ನೊಂದು ಕೈ ನೋಡುವುದೋ? ಎರಡು ಬಾಗಿಲು ದೂರದೂರ ಇರುವ ಕೋಟೆಗಳಲ್ಲಂತೂ ಈ ಕಡೆ ನಿಂತರೆ ಆ ಕಡೆಯದು ಪುಟ್ಟ ನಕ್ಷೆಯ ಮೇಲಿನ ಚುಕ್ಕೆಗಳಷ್ಟೇ.

ಆ ಸಂಕಟಕ್ಕೆ ಮದ್ದು 2012ರ ಎರಡನೇ ಆಟ. ಅದರಲ್ಲಿ ಇಬ್ಬರು ಇಂಟರ್ನೆಟ್ ಮೂಲಕ ಸೇರಿ ಆಡಬಹುದು. ಮೊದಲ ಆಟದ ಖಳನಾಯಕಿ ಮಾಟಗಾತಿಯೇ ಇಲ್ಲಿ ಜೊತೆಗಾತಿ. ನನ್ನ ತಮ್ಮ ಆಗ ದುಬೈನಲ್ಲಿದ್ದ. ಶುಕ್ರವಾರ ಅವನಿಗೆ ರಜೆ, ನನಗೆ ಆಫೀಸು. ಹಾಗಾಗಿ ನಾವು ಆಡುತ್ತಿದ್ದುದೆಲ್ಲ ನನ್ನ ಕಣ್ಣು ಎಳೆಯುವ ಹೊತ್ತಲ್ಲಿ. ಎಡ ಬಾಗಿಲು ನಿನಗೆ, ಬಲ ನನಗೆ ಅಂತ ಹಂಚಿಕೊಂಡೆವು. ಅವನಿಗೆ ಬೋನು ಹೂಡುವ ತಾಳ್ಮೆ ಇಲ್ಲ, ನುಗ್ಗಿ ಹೊಡೆಯುವವನು. ಅವನ ಬಾಗಿಲಿಂದ ಯಾವಾಗಲೂ ಒಂದೆರಡು ಸೋರುತ್ತಿದ್ದವು. ಆದರೂ ಓರ್ಕ್ ಕೊಡದೇ ಇದ್ದುದನ್ನು ಅವನು ಕೊಟ್ಟ. ಮುಂದೇನಾಗುತ್ತದೆ ಅಂತ ನನಗೆ ಗೊತ್ತಿರುತ್ತಿರಲಿಲ್ಲ.

ಆಮೇಲಿನವನ್ನು ಬೇಗ ಹೇಳಿಬಿಡುತ್ತೇನೆ. ಇದೇ ಸರಣಿಯಲ್ಲಿ ಪುಕ್ಕಟೆಯಾಗಿ ಬಂದ ಅನ್‌ಚೈನ್ಡ್ ಅನ್ನುವ ಆಟದ ಸರ್ವರ್‌ಗಳನ್ನು 2019ರ ಏಪ್ರಿಲ್‌ನಲ್ಲಿ ನಿಲ್ಲಿಸಿದರು. ಮೂರನೆಯದು 2020ರಲ್ಲಿ ಗೂಗಲ್‌ನ ಆನ್‌ಲೈನ್ ಆಟದ ಸೇವೆ ಸ್ಟೇಡಿಯಾಕ್ಕೆ ಮಾತ್ರ ಬಂತು. ಸ್ಟೇಡಿಯಾ ಭಾರತಕ್ಕೆ ಬರಲೇ ಇಲ್ಲ. ನಮಗೆ ಸಿಕ್ಕಿದ್ದು 2021ರ ಜುಲೈನಲ್ಲಿ ಪಿಸಿಗೆ ಬಂದಾಗ. ಕಣ್ಣಿಗೆ ಹಬ್ಬ, ಓರ್ಕ್‌ಗಳ ಜಾತ್ರೆ. ಬುದ್ಧಿ ಮಾತ್ರ ಅಷ್ಟೇ. 2025ರ ಜನವರಿಯಲ್ಲಿ ಡೆತ್‌ಟ್ರ್ಯಾಪ್ ಅಂತ ಇನ್ನೊಂದು ಬಂತು, ನಾಲ್ಕು ಜನ ಆಡಬಹುದು. ನನಗೆ ನಾಲ್ಕು ಜನ ಸಿಗುವುದಿಲ್ಲ.

ಈಗಲೂ ನಾನು ತೆರೆಯುವುದು ಮೊದಲನೆಯದನ್ನೇ. ಓರ್ಕ್ ಬದಲಾಗುವುದಿಲ್ಲ ಅಂದಮೇಲೆ ನನಗೆ ನಾನೇ ಕಟ್ಟುಪಾಡು ಹಾಕಿಕೊಳ್ಳಬೇಕು. ಟಾರ್ ಇಲ್ಲ, ಬ್ಯಾರಿಕೇಡ್ ಇಲ್ಲ, ಆರೋ ವಾಲ್ ಇಲ್ಲ. ಬರೀ ತಳ್ಳುವ, ಚಿಮ್ಮುವ ಬೋನುಗಳು, ಮತ್ತೆ ಗಾಳಿ ಬೀಸಿ ಎತ್ತೆಸೆಯುವ ವಿಂಡ್ ಬೆಲ್ಟ್. ಇವುಗಳಿಂದ ಓರ್ಕ್ ಸಾಯಬೇಕಾದರೆ ಪ್ರಪಾತವೋ ಬೆಂಕಿಕುಂಡವೋ ಪಕ್ಕದಲ್ಲೇ ಇರಬೇಕು. ಒಂದು ಚೌಕದಷ್ಟು ಆಚೆ ಇಟ್ಟರೆ ಎಸೆತ ಗೋಡೆಗೆ ಬಡಿದು ವಾಪಸ್ ಬರುತ್ತದೆ. ಅಲೆಯ ನಡುವೆ ಬೋನು ಕಿತ್ತು, ಸ್ವಲ್ಪ ತಿರುಗಿಸಿ, ಮತ್ತೆ ಇಡುತ್ತೇನೆ. ಓಗರ್ ಬಂದಾಗ ಬಿಲ್ಲು ಹಿಡಿದು ಅದರ ಮುಖದ ಮುಂದೆ ಹಿಂದಕ್ಕೆ ಹಿಂದಕ್ಕೆ ನಡೆಯಬೇಕು, ಬೇರೆ ದಾರಿಯಿಲ್ಲ.

ಹೋದ ಭಾನುವಾರ ಎರಡು ಬಾಗಿಲ ಕೋಟೆಯೊಂದರಲ್ಲಿ ಕೊನೆಯ ಅಲೆಯವರೆಗೆ ಬಂದೆ. ರಿಫ್ಟ್‌ನಲ್ಲಿ ಉಳಿದಿದ್ದು ಒಂದೇ ಅಂಕ, ಇನ್ನೊಂದು ನುಸುಳಿದರೆ ಸೋಲು. ಎಡಗಡೆ ಎರಡು ಓಗರ್‌ಗಳನ್ನು ಕೆಡವಿ ಉಸಿರು ಬಿಟ್ಟೆ. ಅಷ್ಟರಲ್ಲಿ ಬಲಗಡೆಯಿಂದ ಒಂದು ಕೋಬೋಲ್ಡ್, ಮೊಣಕಾಲೆತ್ತರದ್ದು, ಸ್ಪ್ರಿಂಗ್ ಹಲಗೆ ಇನ್ನೂ ಸಜ್ಜಾಗುತ್ತಿರುವಾಗಲೇ ಅದರ ಮೇಲೆ ಪಟಪಟ ಓಡಿ ರಿಫ್ಟ್‌ಗೆ ಹಾರಿಕೊಂಡಿತು.