ಬುಲೆಟ್ ಹಿಂದಿನ ಬ್ರೇಕ್: ಗ್ರೀಸ್ ಎಲ್ಲಿ, ಎಷ್ಟು?

ಕಾರವಾರದ ಉಪ್ಪುಗಾಳಿಗೆ ಹಳೇ ಬುಲೆಟ್‌ನ ಹಿಂದಿನ ಬ್ರೇಕ್‌ನಲ್ಲಿ ಮೊದಲು ಕೈಕೊಡುವುದು ಡ್ರಮ್ಮಿಗೆ ಉಜ್ಜಿ ಚಕ್ರ ನಿಲ್ಲಿಸುವ ಲೈನರ್ ಅಲ್ಲ, ಪೆಡಲ್ ಒತ್ತಿದಾಗ ತಿರುಗಿ ಆ ಲೈನರ್ ಇರುವ ಶೂಗಳನ್ನು ಡ್ರಮ್ಮಿಗೆ ಒತ್ತುವ ಕ್ಯಾಮ್. ನನ್ನದು ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು ಇರುವ ಹಳೇ 350. ಮಳೆಗಾಲ ಮುಗಿಯುವ ಹೊತ್ತಿಗೆ ಪೆಡಲ್ ಒತ್ತಿದರೆ ಬ್ರೇಕ್ ಹಿಡಿಯುತ್ತಿತ್ತು, ಕಾಲು ತೆಗೆದರೂ ಬಿಡುತ್ತಿರಲಿಲ್ಲ. ಚಕ್ರದ ನಡುವಿನ ಹಬ್ ಮುಟ್ಟಿದರೆ ಸುಡುಸುಡು. ಗ್ಯಾರೇಜಿನಲ್ಲಿ ಸುಮ್ನೆ ಪೆಡಲ್‌ನಿಂದ ಬ್ರೇಕಿಗೆ ಹೋಗುವ ರಾಡ್‌ನ ನಟ್ ಸಡಿಲ ಮಾಡಿ ಕಳಿಸುತ್ತಾರೆ. ಜಾಮ್ ಆಗುವುದೇನೋ ಕಡಿಮೆಯಾಗುತ್ತದೆ, ಆದರೆ ಅರಬೈಲ್ ಘಟ್ಟ ಇಳಿಯುವಾಗ ಬ್ರೇಕೇ ಸಾಲುವುದಿಲ್ಲ. ಹಾಗಾಗಿ ಈಗ ಮಳೆಗಾಲ ಕಳೆದ ಮೇಲೆ ನಾನೇ ಬಿಚ್ಚುತ್ತೇನೆ.

ಚೈನ್ ಲಾಕ್, ರಾಡ್, ಎಕ್ಸಲ್ ಬಿಚ್ಚಿ ಚಕ್ರ ತೆಗೆಯುವುದು ಬುಲೆಟ್ ಇಟ್ಟವರಿಗೆಲ್ಲ ಗೊತ್ತು. ಡ್ರಮ್ ಒಳಗಿನ ಪುಡಿಯನ್ನು ಮಾತ್ರ ಊದಬೇಡಿ, ಏರ್ ಹೊಡೆಸಲೂ ಬೇಡಿ. ಹಳೇ ಲೈನರ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಎಸೆಯಿರಿ.

ಎರಡೂ ಶೂಗಳನ್ನು ಪುಸ್ತಕ ಮಡಚಿದ ಹಾಗೆ ಮೇಲಕ್ಕೆತ್ತಿದರೆ ಸ್ಪ್ರಿಂಗ್ ಸಮೇತ ಕೈಗೆ ಬರುತ್ತವೆ. ಆಮೇಲೆ ಕ್ಯಾಮ್. ಅದನ್ನು ತಿರುಗಿಸುವ ಹೊರಗಿನ ಲಿವರ್ ಯಾವ ಕೋನದಲ್ಲಿದೆ ಅಂತ ಮೊದಲು ಗುರುತು ಹಾಕಿ, ನಂತರ ಕಳಚಿ. ನನ್ನ ಗಾಡಿಯಲ್ಲಿ ಕ್ಯಾಮ್‌ನ ದಂಡಿಗೆ ಕೆಂಪು ತುಕ್ಕು ಹಿಡಿದು, ಹಳೇ ಗ್ರೀಸ್ ಒಣಗಿ ಅಂಟಾಗಿತ್ತು. ನಯವಾದ ಎಮರಿ ಪೇಪರಿನಲ್ಲಿ ಹೊಳೆಯುವ ತನಕ ತಿಕ್ಕಿದೆ. ಆ ದಂಡಿ ಕೂರುವ ಪ್ಲೇಟಿನ ತೂತನ್ನೂ ಬಿಡಬೇಡಿ, ಕಡ್ಡಿಗೆ ಎಮರಿ ಸುತ್ತಿ ತಿರುಗಿಸಿ. ಗ್ರೀಸ್ ಇಲ್ಲದೆಯೇ ಕ್ಯಾಮ್ ಬೆರಳಲ್ಲಿ ಸಲೀಸಾಗಿ ತಿರುಗಬೇಕು. ಅಲ್ಲಿಯವರೆಗೆ ಗ್ರೀಸ್ ಡಬ್ಬಿ ತೆರೆಯುವುದೇ ಬೇಡ.

ಗ್ರೀಸ್ ಕೂಡ ಬಿಸಿ ತಡೆಯುವಂಥದ್ದೇ ಆಗಬೇಕು. ಮಾಮೂಲಿ ಗ್ರೀಸ್ ಬಿಸಿಗೆ ಕರಗಿ ಸೀದಾ ಲೈನರ್‌ಗೆ ಇಳಿಯುತ್ತದೆ. ದಂಡಿಗೆ ತೆಳುವಾಗಿ, ಕ್ಯಾಮ್ ಶೂಗೆ ತಾಗುವ ಜಾಗಕ್ಕೆ ಮತ್ತು ಶೂಗಳ ಆಚೆ ತುದಿ ಕೂರುವ ಪಿನ್ನಿಗೆ ಒಂಚೂರು. ಅಷ್ಟೇ. ಹೆಚ್ಚಾದದ್ದನ್ನು ಒರೆಸಿಬಿಡಿ. ಹೊರಗಡೆ ಲಿವರ್ ಬುಡಕ್ಕೆ ಮಾತ್ರ ನಾನು ಸ್ವಲ್ಪ ಜಾಸ್ತಿಯೇ ಮೆತ್ತುತ್ತೇನೆ, ಉಪ್ಪುನೀರು ಒಳಗಿಳಿಯುವ ದಾರಿ ಅದೇ ಅಲ್ವಾ.

ಲೈನರ್ ಗಾಜಿನಂತೆ ಹೊಳೆಯುತ್ತಿದ್ದರೆ ಒದ್ದೆ ಮಾಡಿ ಒರಟು ಎಮರಿಯಲ್ಲಿ ಲಘುವಾಗಿ ತಿಕ್ಕಿದರಾಯಿತು. ಗ್ರೀಸ್ ಕುಡಿದಿದ್ದರೆ ಹೊಸದೇ ಹಾಕಬೇಕು. ಪೆಟ್ರೋಲಿನಲ್ಲಿ ತೊಳೆದರೂ ಬಿಸಿಯಾದಾಗ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಗ್ರೀಸ್ ಅಲ್ಲಿಂದ ಸೋರಿರಬಹುದು, ಬೇರಿಂಗಿನ ಸೀಲ್ ಹೋಗಿದೆಯಾ ಅಂತಲೂ ನೋಡಿ.

ವಾಪಸ್ ಜೋಡಿಸುವಾಗ ಎಕ್ಸಲ್ ನಟ್ ಪೂರ್ತಿ ಬಿಗಿ ಮಾಡುವ ಮೊದಲು ಯಾರಾದರೂ ಪೆಡಲ್ ಒತ್ತಿ ಹಿಡಿಯಲಿ. ಶೂಗಳು ಡ್ರಮ್ಮಿನ ನಡುವೆ ಸರಿಯಾಗಿ ಕೂರುತ್ತವೆ. ಚೈನ್ ಬಿಗಿ ನೋಡಿದ ಮೇಲೆಯೇ ರಾಡ್‌ನ ನಟ್ ತಿರುಗಿಸಿ, ಯಾಕೆಂದರೆ ಚಕ್ರ ಹಿಂದೆ ಸರಿದರೆ ಬ್ರೇಕ್ ಲೆಕ್ಕವೂ ಬದಲಾಗುತ್ತದೆ. ಖಾಲಿ ರಸ್ತೆಯಲ್ಲಿ ಬ್ರೇಕ್ ಮುಟ್ಟದೆ ಸ್ವಲ್ಪ ದೂರ ಓಡಿಸಿ, ಹಬ್ ಮುಟ್ಟಿ ನೋಡಿ. ಬಿಸಿ ಇದ್ದರೆ ನಟ್ ಅರ್ಧ ಸುತ್ತು ಸಡಿಲಿಸಿ ಮತ್ತೆ ಓಡಿಸಿ.