ಪಕ್ಷವಿಲ್ಲದ ಶಾಸನಸಭೆ: ಕೆನಡಾದ ಉತ್ತರದ ಸಣ್ಣ ಊರುಗಳಿಗೆ ಶಾಸಕರೆಂದರೆ ಏನು

ಕೆನಡಾದ ನಾರ್ತ್‌ವೆಸ್ಟ್ ಟೆರಿಟರೀಸ್‌ಗೆ ನರ್ಸ್, ಶಿಕ್ಷಕ, ಲೆಕ್ಕಿಗ ಅಥವಾ ಅಂಗಡಿಯ ಮ್ಯಾನೇಜರ್ ಆಗಿ ಕೆಲಸಕ್ಕೆ ಹೋಗುವ ಕನ್ನಡಿಗರು ತಾವು ನೆಲೆಸಿದ ಊರಿನ ಶಾಸಕರ ಹೆಸರು ಕಿವಿಗೆ ಬಿದ್ದೊಡನೆ ‘ಯಾವ ಪಕ್ಷದವರು?’ ಎಂದು ಕೇಳುವುದು ಸಹಜ. ಅಲ್ಲಿ ಆ ಪ್ರಶ್ನೆಗೆ ಉತ್ತರವೇ ಇಲ್ಲ. ಮತಪತ್ರದಲ್ಲಿ ಅಭ್ಯರ್ಥಿಯ ಹೆಸರಿನ ಜೊತೆ ಪಕ್ಷದ ಹೆಸರು ಇರುವುದಿಲ್ಲ. ಸದನದಲ್ಲಿ ಆಡಳಿತ ಪಕ್ಷ, ವಿರೋಧ ಪಕ್ಷ ಎಂಬ ಎರಡು ಗುಂಪುಗಳಿಲ್ಲ. ಕರ್ನಾಟಕದ ಗ್ರಾಮ ಪಂಚಾಯಿತಿ ಚುನಾವಣೆಯೂ ಪಕ್ಷದ ಚಿಹ್ನೆಯಿಲ್ಲದೆ ನಡೆಯುತ್ತದೆಯಾದರೂ ಯಾವ ಅಭ್ಯರ್ಥಿಯ ಬೆನ್ನಿಗೆ ಯಾವ ಪಕ್ಷ ನಿಂತಿದೆ ಎಂಬುದು ಊರಿಗೆಲ್ಲ ಗೊತ್ತಿರುತ್ತದೆ. ನಾರ್ತ್‌ವೆಸ್ಟ್ ಟೆರಿಟರೀಸ್‌ನ ರಾಜಧಾನಿ ಯೆಲ್ಲೋನೈಫ್‌ನಲ್ಲಿರುವ ಶಾಸನಸಭೆಯಲ್ಲಿ ಹಾಗಲ್ಲ. ಒಬ್ಬ ಸದಸ್ಯರಿಗೆ ರಾಷ್ಟ್ರೀಯ ಪಕ್ಷವೊಂದರ ಕಡೆ ಒಲವಿದ್ದರೂ ಸದನದೊಳಗೆ ಅವರಿಗೆ ಆದೇಶ ಕೊಡುವ ಪಕ್ಷವಿಲ್ಲ. ಈ ಪದ್ಧತಿಗೆ ಒಮ್ಮತದ ಸರ್ಕಾರ ಎಂದು ಹೆಸರು. ನೆರೆಯ ನುನಾವುಟ್‌ನಲ್ಲೂ ಇದೇ ಪದ್ಧತಿಯಿದೆ. ಮೂರನೆಯ ಉತ್ತರ ಪ್ರದೇಶವಾದ ಯೂಕಾನ್‌ನಲ್ಲಿ ಮಾತ್ರ ಪಕ್ಷಗಳಿವೆ.

ಮೊದಲು ನೆಲದ ಅಳತೆಯನ್ನು ಮನಸ್ಸಿಗೆ ತಂದುಕೊಳ್ಳಬೇಕು. ಕರ್ನಾಟಕದ ಸುಮಾರು ಏಳು ಪಟ್ಟು ವಿಸ್ತಾರವಾದ ಈ ಪ್ರದೇಶದಲ್ಲಿ 2021ರ ಜನಗಣತಿಯಂತೆ ಇದ್ದವರು 41,070 ಜನ, ಅವರಲ್ಲಿ ಅರ್ಧದಷ್ಟು ಮಂದಿ ರಾಜಧಾನಿ ಯೆಲ್ಲೋನೈಫ್ ಒಂದರಲ್ಲೇ. ಉಳಿದವರು ಮೂವತ್ತೆರಡು ಊರುಗಳಲ್ಲಿ ಹರಡಿಕೊಂಡಿದ್ದಾರೆ, ಆ ಊರುಗಳಲ್ಲಿ ಕೆಲವು ನೂರು ಜನರವು. ಒಟ್ಟು ಜನಸಂಖ್ಯೆಯಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ಮೂಲನಿವಾಸಿಗಳು: ಡೆನೆ ಜನಾಂಗಗಳು, ಇನುವಿಯಾಲುಯಿಟ್ (ಪಶ್ಚಿಮ ಆರ್ಕ್ಟಿಕ್‌ನ ಇನುಯಿಟ್ ಜನ), ಮೇಟಿ (ಮೂಲನಿವಾಸಿ ಮತ್ತು ಯುರೋಪಿನವರ ಮಿಶ್ರ ಮೂಲದ ಜನ). ಸದನದಲ್ಲಿ ಹತ್ತೊಂಬತ್ತು ಸ್ಥಾನಗಳಿವೆ, ಅಂದರೆ ಸರಾಸರಿ ಎರಡು ಸಾವಿರ ಚಿಲ್ಲರೆ ಜನರಿಗೆ ಒಬ್ಬ ಶಾಸಕ. ಕರ್ನಾಟಕದ 224 ಕ್ಷೇತ್ರಗಳಲ್ಲಿ, 2011ರ ಜನಗಣತಿಯನ್ನೇ ಹಿಡಿದರೂ, ಒಬ್ಬೊಬ್ಬ ಶಾಸಕರ ಪಾಲಿಗೆ ಎರಡು ಮುಕ್ಕಾಲು ಲಕ್ಷ ಜನ ಬರುತ್ತಾರೆ.

ಈ ಹೋಲಿಕೆಯಿಂದ ಅಲ್ಲಿನ ಶಾಸಕರ ಕೆಲಸ ಹಗುರವೆಂದು ತೀರ್ಮಾನಿಸಬಾರದು. ನುನಾಕ್‌ಪುಟ್ ಕ್ಷೇತ್ರದಲ್ಲಿರುವುದು ನಾಲ್ಕೇ ಊರು: ಟುಕ್ಟೊಯಾಕ್ಟುಕ್, ಪೌಲಾಟುಕ್, ಸ್ಯಾಕ್ಸ್ ಹಾರ್ಬರ್, ಉಲುಖಕ್ಟೊಕ್. ಮೊದಲನೆಯದಕ್ಕೆ 2017ರ ನವೆಂಬರಿನಲ್ಲಿ ಇನುವಿಕ್‌ನಿಂದ ವರ್ಷವಿಡೀ ಓಡಾಡಬಲ್ಲ ರಸ್ತೆ ತೆರೆಯಿತು. ಎರಡು ಊರುಗಳು ಆರ್ಕ್ಟಿಕ್ ದ್ವೀಪಗಳ ಮೇಲಿವೆ, ಅಲ್ಲಿಗೆ ವಿಮಾನವೇ ಗತಿ. ಸಾಹ್ಟು ಕ್ಷೇತ್ರದ ಐದು ಊರುಗಳಿಗೂ ವರ್ಷವಿಡೀ ತೆರೆದಿರುವ ರಸ್ತೆಯಿಲ್ಲ. ಚಳಿಗಾಲದಲ್ಲಿ ನೆಲವೂ ನೀರೂ ಹೆಪ್ಪುಗಟ್ಟಿದ ಮೇಲೆ ಹಿಮ ಮತ್ತು ಮಂಜುಗಡ್ಡೆಯ ದಾರಿ ಕೆಲವು ವಾರಗಳ ಮಟ್ಟಿಗೆ ತೆರೆದುಕೊಳ್ಳುತ್ತದೆ. ಬೆಳಗ್ಗೆ ಹೊರಟು ಸಂಜೆಯೊಳಗೆ ಕ್ಷೇತ್ರ ಸುತ್ತಿಬರುವುದು ಅಲ್ಲಿ ಯಾರಿಗೂ ಸಾಧ್ಯವಿಲ್ಲ. ಹವಾಮಾನ ಕೆಟ್ಟರೆ ಶಾಸಕರು ತಾವು ಹೋದ ಊರಿನಲ್ಲೇ ದಿನಗಟ್ಟಲೆ ಉಳಿಯಬೇಕಾಗುತ್ತದೆ.

ಭಾರತದಿಂದ ಹೋದವರು ಇಲ್ಲಿ ಒಂದು ವಿಷಯವನ್ನು ತಪ್ಪಾಗಿ ತಿಳಿಯುವ ಸಂಭವವಿದೆ. ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡಗಳಿಗೆ 15 ವಿಧಾನಸಭಾ ಕ್ಷೇತ್ರಗಳು ಮೀಸಲಾಗಿವೆ. ನಾರ್ತ್‌ವೆಸ್ಟ್ ಟೆರಿಟರೀಸ್‌ನಲ್ಲಿ ಮೂಲನಿವಾಸಿಗಳಿಗೆಂದು ಒಂದು ಸ್ಥಾನವೂ ಮೀಸಲಿಲ್ಲ. ಅಲ್ಲಿ ನೆಲೆಸಿದ ಅರ್ಹ ಪೌರರು ಯಾರು ಬೇಕಾದರೂ ನಿಲ್ಲಬಹುದು. ಮೂಲನಿವಾಸಿ ಶಾಸಕರು ಆರಿಸಿ ಬರುವುದು ಸಣ್ಣ ಊರುಗಳಲ್ಲಿ ಅವರದೇ ಬಹುಸಂಖ್ಯೆ ಇರುವುದರಿಂದ ಮತ್ತು ಕ್ಷೇತ್ರಗಳ ಗಡಿಯನ್ನು ಆ ಊರುಗಳನ್ನು ನೋಡಿ ಎಳೆದಿರುವುದರಿಂದ. ಕೆನಡಾದವರು ‘ರಿಸರ್ವ್’ ಎಂದರೆ ಅದು ಫಸ್ಟ್ ನೇಷನ್ ಎಂದು ಕರೆಯುವ ಮೂಲನಿವಾಸಿ ಸಮುದಾಯಗಳಿಗೆಂದು ಒಕ್ಕೂಟ ಸರ್ಕಾರ ಗುರುತಿಸಿದ ನೆಲವೇ ಹೊರತು ಸ್ಥಾನದ ಮೀಸಲಾತಿಯಲ್ಲ, ಮತ್ತು ಅಂಥ ನೆಲವೂ ಈ ಪ್ರದೇಶದಲ್ಲಿ ಬಹಳ ಕಡಿಮೆ.

ಗಡಿಗಳ ವಿಷಯದಲ್ಲಿ ನ್ಯಾಯಾಲಯದವರೆಗೆ ಹೋದ ಜಗಳವೊಂದಿದೆ. 1999ರ ಏಪ್ರಿಲ್ 1ರಂದು ಪೂರ್ವದ ಭಾಗ ನುನಾವುಟ್ ಆಗಿ ಬೇರೆಯಾದಾಗ ಪಶ್ಚಿಮಕ್ಕೆ ಹದಿನಾಲ್ಕು ಸ್ಥಾನಗಳು ಉಳಿಯುತ್ತಿದ್ದವು, ಅವುಗಳಲ್ಲಿ ಯೆಲ್ಲೋನೈಫ್‌ಗೆ ನಾಲ್ಕು. ಅರ್ಧದಷ್ಟು ಜನರಿರುವ ನಗರಕ್ಕೆ ನಾಲ್ಕೇ ಸ್ಥಾನ ಅನ್ಯಾಯವೆಂದು ನಗರದ ಕೆಲವರು ದಾವೆ ಹೂಡಿದರು, ಗೆದ್ದರು. ಸ್ಥಾನಗಳು ಹತ್ತೊಂಬತ್ತಕ್ಕೆ ಏರಿ, ನಗರಕ್ಕೆ ಏಳು ಸಿಕ್ಕವು. ಸಣ್ಣ ಊರುಗಳ ದನಿ ಕುಗ್ಗೀತು ಎಂಬ ಮೂಲನಿವಾಸಿ ಮುಖಂಡರ ಆತಂಕ ಸುಳ್ಳಾಗಿರಲಿಲ್ಲ. ಆದರೂ ಲೆಕ್ಕ ನೋಡಿ: ಅರ್ಧ ಜನರಿಗೆ ಹತ್ತೊಂಬತ್ತರಲ್ಲಿ ಏಳು. ಕೆನಡಾದ ಸರ್ವೋಚ್ಚ ನ್ಯಾಯಾಲಯ 1991ರಲ್ಲೇ, ಮತಕ್ಕೆ ಮತ ತೂಗುವ ಗಣಿತಕ್ಕಿಂತ ಪರಿಣಾಮಕಾರಿ ಪ್ರಾತಿನಿಧ್ಯ ಮುಖ್ಯ, ಆದ್ದರಿಂದ ದೂರ, ಭೂಗೋಳ ಮತ್ತು ಸಮುದಾಯದ ಹಿತಗಳನ್ನೂ ಪರಿಗಣಿಸಬಹುದು ಎಂದು ಹೇಳಿತ್ತು. ನನ್ನ ಮಟ್ಟಿಗೆ ಇದು ಸರಿಯಾದ ನಿಲುವು. ನೂರಾರು ಕಿಲೋಮೀಟರ್ ದೂರದ ಹಳ್ಳಿಗಳನ್ನು ಬರೀ ತಲೆ ಎಣಿಕೆಗಾಗಿ ಒಟ್ಟು ಗಂಟುಕಟ್ಟಿದರೆ ಅಲ್ಲಿನವರಿಗೆ ಶಾಸಕರ ಮುಖವೇ ಕಾಣದೆ ಹೋಗುತ್ತದೆ.

ಈ ಸದನ ಹಳೆಯದಲ್ಲ. 1967ರವರೆಗೆ ಈ ಪ್ರದೇಶವನ್ನು ಸಾವಿರಾರು ಕಿಲೋಮೀಟರ್ ದೂರದ ಒಟ್ಟಾವಾದಿಂದಲೇ ಆಳಲಾಗುತ್ತಿತ್ತು. ಆ ವರ್ಷ ಯೆಲ್ಲೋನೈಫ್ ರಾಜಧಾನಿಯಾಯಿತು. ಎಲ್ಲ ಸದಸ್ಯರೂ ಚುನಾಯಿತರಾದ ಮೊದಲ ಮಂಡಳಿ ಬಂದದ್ದು 1975ರಲ್ಲಿ, ಅದರಲ್ಲೇ ಮೂಲನಿವಾಸಿಗಳು ಬಹುಮತದಲ್ಲಿದ್ದರು. ಪಕ್ಷದ ಚೌಕಟ್ಟನ್ನು ಬಿಟ್ಟು ಎಲ್ಲರೂ ಕೂತು ಮಾತಾಡಿ ಒಪ್ಪಂದಕ್ಕೆ ಬರುವ ರೀತಿ ಇಲ್ಲಿ ಉಳಿದುಕೊಂಡಿರುವುದಕ್ಕೂ ಡೆನೆ ಮತ್ತು ಇನುಯಿಟ್ ಸಮುದಾಯಗಳ ತೀರ್ಮಾನದ ಕ್ರಮಕ್ಕೂ ಹತ್ತಿರದ ಸಂಬಂಧವಿದೆ ಎಂದು ಅಲ್ಲಿನವರು ಹೇಳುತ್ತಾರೆ. ಇನುವಿಯಾಲುಯಿಟ್ ಸಮುದಾಯದ ನೆಲ್ಲಿ ಕೂರ್ನೋಯಾ 1979ರಲ್ಲಿ ಆರ್ಕ್ಟಿಕ್ ಕರಾವಳಿಯ ಸಣ್ಣ ಊರುಗಳಿಂದ ಆರಿಸಿ ಬಂದು, 1984ರಲ್ಲಿ ಮುಗಿದ ಇನುವಿಯಾಲುಯಿಟ್ ಭೂ ಒಪ್ಪಂದಕ್ಕಾಗಿ ದುಡಿದು, 1991ರಲ್ಲಿ ಸಹಸದಸ್ಯರ ಆಯ್ಕೆಯಿಂದ ಪ್ರೀಮಿಯರ್, ಅಂದರೆ ಪ್ರದೇಶದ ಸರ್ಕಾರದ ಮುಖ್ಯಸ್ಥೆ, ಆದರು. ಕೆನಡಾದಲ್ಲಿ ಪ್ರಾಂತ್ಯ ಅಥವಾ ಪ್ರದೇಶವೊಂದರ ಸರ್ಕಾರವನ್ನು ನಡೆಸಿದ ಮೊದಲ ಮೂಲನಿವಾಸಿ ಮಹಿಳೆ ಅವರೇ. ಪಕ್ಷದ ಏಣಿಯಿಲ್ಲದ ಸದನದಲ್ಲಿ, ಕೆಲವೇ ಸಾವಿರ ಜನರ ಕ್ಷೇತ್ರದಿಂದ ಬಂದವರೊಬ್ಬರು ಅಲ್ಲಿಗೆ ತಲುಪಲು ಸಾಧ್ಯವಾಯಿತು.

ಚುನಾವಣೆ ಮುಗಿದ ಮೇಲೆ ಹತ್ತೊಂಬತ್ತು ಸದಸ್ಯರೂ ಸೇರಿ, ರಹಸ್ಯ ಮತದಾನದಿಂದ ಸಭಾಧ್ಯಕ್ಷರನ್ನು, ಪ್ರೀಮಿಯರ್ ಅವರನ್ನು ಮತ್ತು ಆರು ಸಚಿವರನ್ನು ಆರಿಸುತ್ತಾರೆ. ಯಾರಿಗೆ ಯಾವ ಖಾತೆ ಎಂಬುದನ್ನು ಮಾತ್ರ ಪ್ರೀಮಿಯರ್ ನಿರ್ಧರಿಸುತ್ತಾರೆ. ಆರು ಸಚಿವರಲ್ಲಿ ಇಬ್ಬರು ಯೆಲ್ಲೋನೈಫ್‌ನಿಂದ, ಇಬ್ಬರು ಅದರ ಉತ್ತರದಿಂದ, ಇಬ್ಬರು ದಕ್ಷಿಣದಿಂದ ಎಂಬ ರೂಢಿ ಬೆಳೆದುಬಂದಿದೆ. ಕಾಳ್ಗಿಚ್ಚಿನಿಂದ ಯೆಲ್ಲೋನೈಫ್ ನಗರವನ್ನೇ ತೆರವುಗೊಳಿಸಬೇಕಾಗಿ ಬಂದ 2023ರಲ್ಲಿ ಚುನಾವಣೆ ಅಕ್ಟೋಬರಿನಿಂದ ನವೆಂಬರ್ 14ಕ್ಕೆ ಮುಂದೆ ಹೋಯಿತು, ಡಿಸೆಂಬರಿನಲ್ಲಿ ಹೇ ರಿವರ್ ನಾರ್ತ್‌ನ ಆರ್.ಜೆ. ಸಿಂಪ್ಸನ್ ಪ್ರೀಮಿಯರ್ ಆಗಿ ಆಯ್ಕೆಯಾದರು. ಸಚಿವ ಸಂಪುಟವೆಂದರೆ ಏಳು ಜನ. ಸಭಾಧ್ಯಕ್ಷರನ್ನು ಬಿಟ್ಟರೆ ಉಳಿಯುವ ಹನ್ನೊಂದು ಮಂದಿಯನ್ನು ಸಾಮಾನ್ಯ ಸದಸ್ಯರು ಎನ್ನುತ್ತಾರೆ. ಇಡೀ ಪದ್ಧತಿಯ ಬಲ ಈ ಏಳು ಮತ್ತು ಹನ್ನೊಂದರ ನಡುವೆ ಇದೆ. ಸರ್ಕಾರ ಯಾವಾಗಲೂ ಅಲ್ಪಮತದಲ್ಲೇ ಇರುವುದರಿಂದ ಸಾಮಾನ್ಯ ಸದಸ್ಯರ ಒಪ್ಪಿಗೆಯಿಲ್ಲದೆ ಆಯವ್ಯಯವಾಗಲಿ ಮಸೂದೆಯಾಗಲಿ ಪಾಸಾಗದು. ಆದ್ದರಿಂದ ಆಯವ್ಯಯದ ಕರಡು ಸದನಕ್ಕೆ ಬರುವ ಮೊದಲೇ ಸ್ಥಾಯಿ ಸಮಿತಿಗಳ ಮುಂದೆ ಬರುತ್ತದೆ. ಒಂದು ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ನರ್ಸ್ ಹುದ್ದೆ, ಮತ್ತೊಂದರ ಮನೆಗಳ ದುರಸ್ತಿ, ಇನ್ನೊಂದರ ಚಳಿಗಾಲದ ದಾರಿಯ ಖರ್ಚು ಆಯವ್ಯಯಕ್ಕೆ ಸೇರುವುದು ಬಹುಮಟ್ಟಿಗೆ ಆ ಮುಚ್ಚಿದ ಕೋಣೆಯಲ್ಲಿ. ಸಚಿವರನ್ನು ಸದನವೇ ಮತ ಹಾಕಿ ಇಳಿಸಬಲ್ಲದು. 2020ರಲ್ಲಿ ಒಬ್ಬರನ್ನು ಇಳಿಸಿತು ಕೂಡ.

ಹಾಗಾದರೆ ನಮ್ಮ ಊರಿನವರು ಸಚಿವರಾದರೆ ಒಳ್ಳೆಯದಲ್ಲವೇ ಎಂದು ಕರ್ನಾಟಕದಲ್ಲಿ ಬೆಳೆದ ಯಾರಿಗೂ ಅನ್ನಿಸುತ್ತದೆ. ಅಲ್ಲಿ ಇದು ನಿಜಕ್ಕೂ ಕಠಿಣವಾದ ಪ್ರಶ್ನೆ. ಸಚಿವರಾದವರು ಸಂಪುಟದ ಒಗ್ಗಟ್ಟಿಗೆ ಬದ್ಧರು. ಒಳಗೆ ಎಷ್ಟೇ ವಾದಿಸಿದರೂ ಹೊರಗೆ ಸಂಪುಟದ ನಿರ್ಧಾರದ ಪರವಾಗಿಯೇ ಮತ ಹಾಕಬೇಕು, ತಮ್ಮ ಊರಿನ ಕೊರತೆಯನ್ನು ಸದನದಲ್ಲಿ ಪ್ರಶ್ನೆಯಾಗಿ ಎತ್ತುವಂತಿಲ್ಲ. ಸಾಮಾನ್ಯ ಸದಸ್ಯರ ಕೈಯಲ್ಲಿ ಖಾತೆಯಿಲ್ಲ, ಆದರೆ ಅವರ ಬಾಯಿ ಕಟ್ಟಿರುವುದಿಲ್ಲ. ಐದು ಹಳ್ಳಿಗಳಿಗೆ ಇರುವ ಒಬ್ಬನೇ ಒಬ್ಬ ಪ್ರತಿನಿಧಿ ಯಾವ ಬದಿಯಲ್ಲಿ ಕೂತರೆ ಹಳ್ಳಿಗಳಿಗೆ ಹೆಚ್ಚು ಪ್ರಯೋಜನ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಪದ್ಧತಿಯ ಮತ್ತೊಂದು ಕೊರತೆಯನ್ನೂ ಹೇಳಬೇಕು: ಮತದಾರರಿಗೆ ಪ್ರೀಮಿಯರ್ ಯಾರಾಗಬೇಕೆಂದು ಹೇಳುವ ದಾರಿಯಿಲ್ಲ, ಇಡೀ ಪ್ರದೇಶಕ್ಕೆ ಒಂದು ಪ್ರಣಾಳಿಕೆಯೂ ಇರುವುದಿಲ್ಲ. ಹತ್ತೊಂಬತ್ತು ಜನ ಆರಿಸಿ ಬಂದ ಮೇಲೆ ಒಟ್ಟಿಗೆ ಕೂತು ಆದ್ಯತೆಗಳನ್ನು ಗೊತ್ತುಮಾಡುತ್ತಾರೆ.

ಅಧಿವೇಶನ ನಡೆಯುವಾಗ ಪ್ರತಿ ಸದಸ್ಯರಿಗೂ ಎರಡೂವರೆ ನಿಮಿಷದ ಹೇಳಿಕೆಯ ಅವಕಾಶವಿದೆ. ಸಣ್ಣ ಊರಿನ ಶಾಸಕರ ಹೇಳಿಕೆಗಳನ್ನು ಕೇಳಿದರೆ ಅವರ ಕೆಲಸದ ಸ್ವರೂಪ ತಿಳಿಯುತ್ತದೆ: ತೀರಿಕೊಂಡ ಹಿರಿಯರ ಸ್ಮರಣೆ, ಖಾಲಿ ಬಿದ್ದ ನರ್ಸ್ ಹುದ್ದೆ, ಚಿಕಿತ್ಸೆಗೆ ಯೆಲ್ಲೋನೈಫ್ ಅಥವಾ ಎಡ್ಮಂಟನ್‌ಗೆ ಹಾರಬೇಕಾದವರ ಪ್ರಯಾಣದ ತೊಡಕು. ಬಳಿಕ ಅದೇ ವಿಷಯದ ಮೇಲೆ ಸಚಿವರಿಗೆ ಪ್ರಶ್ನೆ. 2024ರಲ್ಲಿ ಮೆಕೆಂಝಿ ನದಿಯ ನೀರು ತೀರ ಇಳಿದು ಸಾಹ್ಟು ಊರುಗಳಿಗೆ ಸರಕು ತರುವ ದೋಣಿಸಾಲುಗಳು ನಿಂತಾಗ ಇಂಧನವನ್ನೂ ಸಾಮಾನನ್ನೂ ವಿಮಾನದಲ್ಲಿ ತರಿಸಬೇಕಾಗಿ ಬೆಲೆಗಳು ಏರಿದವು. ರಾಜಧಾನಿಗೆ ರಸ್ತೆಯಿದೆ, ಅಲ್ಲಿನ ಅಂಗಡಿಗಳಲ್ಲಿ ಆ ಸಂಕಟ ಕಾಣುವುದಿಲ್ಲ. ಅದನ್ನು ಸದನದ ಮುಂದೆ ಇಡುವುದು ಆ ಊರುಗಳ ಶಾಸಕರ ಹೊಣೆ. ಪ್ರದೇಶಕ್ಕೆ ಹನ್ನೊಂದು ಅಧಿಕೃತ ಭಾಷೆಗಳಿದ್ದು ಒಂಬತ್ತು ಮೂಲನಿವಾಸಿಗಳವು. ಸದಸ್ಯರು ತಮ್ಮ ಭಾಷೆಯಲ್ಲಿ ಮಾತಾಡಿದರೆ ದುಭಾಷಿಗಳು ಆಗಲೇ ಅನುವಾದಿಸುತ್ತಾರೆ. ಸದನದ ಅಧಿಕಾರದ ಸಂಕೇತವಾದ ದಂಡದೊಳಗೆ ಮೂವತ್ತಮೂರು ಊರುಗಳಿಂದಲೂ ತಂದ ಸಣ್ಣ ಕಲ್ಲುಗಳಿವೆ, ಅದನ್ನು ಎತ್ತಿದಾಗ ಅವು ಸದ್ದು ಮಾಡುತ್ತವೆ.

ಹೊಸದಾಗಿ ಬಂದವರಿಗೆ ತೊಡಕಾಗುವುದು ಯಾರ ಬಳಿ ಹೋಗಬೇಕೆಂಬ ವಿಷಯದಲ್ಲಿ. ಒಂದೇ ಸಣ್ಣ ಊರಿನಲ್ಲಿ ಫಸ್ಟ್ ನೇಷನ್‌ನ ಚೀಫ್ ಮತ್ತು ಮಂಡಳಿ ಇರಬಹುದು, ಊರಿನ ಮೇಯರ್ ಇರಬಹುದು. ಟ್ಲಿಚೊ ಜನರಿಗೆ 2005ರಿಂದ ಅವರದೇ ಸ್ವಯಂ ಸರ್ಕಾರವಿದೆ, ದೆಲಿನೆಯಲ್ಲಿ 2016ರಿಂದ ಎರಡೂ ಆಡಳಿತಗಳು ಒಂದೇ ಸ್ವಯಂ ಸರ್ಕಾರದಲ್ಲಿ ಸೇರಿವೆ. ನೀರು, ಕಸ, ಊರೊಳಗಿನ ದಾರಿ ಊರಿನ ಆಡಳಿತಕ್ಕೆ. ಆಸ್ಪತ್ರೆ, ಶಾಲೆ, ಸಾರ್ವಜನಿಕ ವಸತಿ, ಹೆದ್ದಾರಿ ಶಾಸಕರ ಸರ್ಕಾರಕ್ಕೆ. ಕೆಲಸದ ಪರವಾನಗಿ ಮತ್ತು ಪೌರತ್ವದ ಅರ್ಜಿಗಳು ಒಕ್ಕೂಟ ಸರ್ಕಾರದ ವಿಷಯವಾದ್ದರಿಂದ ಸಂಸದರ ಕಚೇರಿಗೆ ಬರೆಯಬೇಕು. ಇಡೀ ಪ್ರದೇಶಕ್ಕೆ ಸಂಸದರು ಒಬ್ಬರೇ, ಮತ್ತು ಅವರಿಗೆ ಪಕ್ಷವಿದೆ: 2025ರಲ್ಲಿ ಆರಿಸಿ ಬಂದ ರೆಬೆಕಾ ಆಲ್ಟಿ ಲಿಬರಲ್ ಪಕ್ಷದವರು. ಆದರೆ ಕಾಯಂ ವಾಸಕ್ಕೆ ವಲಸಿಗರನ್ನು ಪ್ರದೇಶವೇ ಶಿಫಾರಸು ಮಾಡುವ ನಾಮಿನಿ ಕಾರ್ಯಕ್ರಮವನ್ನು ನಡೆಸುವುದು ಯೆಲ್ಲೋನೈಫ್‌ನ ಸರ್ಕಾರ, ಅದರ ಬಗೆಗಿನ ಅಹವಾಲನ್ನು ಶಾಸಕರಿಗೆ ಹೇಳಬಹುದು.

ಶಾಸಕರ ನೆರವು ಕೇಳಲು ಪೌರತ್ವ ಬೇಕಿಲ್ಲ, ಆ ಕ್ಷೇತ್ರದಲ್ಲಿ ವಾಸವಿದ್ದರೆ ಸಾಕು. ಮೊದಲು ಇಲಾಖೆಗೆ ಬರೆದು, ಉತ್ತರ ಬಾರದಿದ್ದರೆ ಆ ಪತ್ರದ ಪ್ರತಿಯೊಡನೆ ಕ್ಷೇತ್ರದ ಕಚೇರಿಯ ಸಹಾಯಕರಿಗೆ ತಿಳಿಸುವುದು ಒಳ್ಳೆಯದು. ದಿನಾಂಕ, ಮಾತಾಡಿದ ಅಧಿಕಾರಿಯ ಹುದ್ದೆ, ಬೇಕಾದ ಪರಿಹಾರ ಇಷ್ಟನ್ನು ಸ್ಪಷ್ಟವಾಗಿ ಬರೆದರೆ ಅವರಿಗೆ ಕೆಲಸ ಸುಲಭ. ಸದನದಲ್ಲಿ ಸಚಿವರು ಕೊಟ್ಟ ಭರವಸೆ ನಡವಳಿಯಲ್ಲಿ ಅಚ್ಚಾಗುತ್ತದೆ, ಮುಂದಿನ ಅಧಿವೇಶನದಲ್ಲಿ ಅದನ್ನೇ ಹಿಡಿದು ಮತ್ತೆ ಕೇಳಬಹುದು. ನರ್ಸ್ ಅಥವಾ ಶಿಕ್ಷಕರಾಗಿ ಹೋದವರು ತಮ್ಮ ಉದ್ಯೋಗದ ದೂರಿಗಿಂತ ಮೊದಲು, ಊರಿನವರು ಬಹುಕಾಲದಿಂದ ಕೇಳುತ್ತಿರುವುದೇನು ಎಂಬುದನ್ನು ಹಿರಿಯರಿಂದ ಕೇಳಿ ತಿಳಿದುಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ. ಎರಡು ವರ್ಷಕ್ಕೆ ಬಂದುಹೋಗುವವರನ್ನು ಆ ಊರುಗಳು ಸಾಕಷ್ಟು ನೋಡಿವೆ. ಅಲ್ಲಿನ ಶಾಸಕರು ಬಹುಮಟ್ಟಿಗೆ ಆ ಊರುಗಳವರೇ.

ಮತ ಹಾಕಲು ಕೆನಡಾದ ಪೌರತ್ವ, ಹದಿನೆಂಟು ವರ್ಷ ವಯಸ್ಸು ಮತ್ತು ಚುನಾವಣೆಗೆ ಮುಂಚಿನ ಆರು ತಿಂಗಳು ಪ್ರದೇಶದಲ್ಲಿ ವಾಸ ಬೇಕು. ಚುನಾವಣೆ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. ಪೌರತ್ವದ ಪ್ರಮಾಣ ಮುಗಿದ ಕೂಡಲೇ ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಿಕೊಳ್ಳಿ. ಸಣ್ಣ ಕ್ಷೇತ್ರದಲ್ಲಿ ಗೆಲುವಿನ ಅಂತರ ಕೆಲವೇ ಹತ್ತರಷ್ಟು ಮತಗಳಿರಬಹುದು, ಆದ್ದರಿಂದ ಮತ ಹಾಕುವ ಮೊದಲು ಅಭ್ಯರ್ಥಿಗಳು ಕ್ಷೇತ್ರದ ಪ್ರತಿ ಊರಿನ ಬಗ್ಗೆಯೂ ಏನು ಹೇಳಿದ್ದಾರೆಂದು ಕೇಳಿ ತಿಳಿದುಕೊಳ್ಳಿ.